ಹರಿದ ಕಿವಿಯ ಸವತಿ

ನಿನ್ನೆ ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಕುಳಗೇರಿ ಕ್ರಾಸಿನಲ್ಲಿ ಬಾಗಲಕೋಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ತಳ್ಳುಗಾಡಿಯವನು ಹಲಸಿನ ಹಣ್ಣು ಕೊಯ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನನ್ನ ಸವತಿ ನೆನಪಾದಳು. ನಗಬೇಡಿ. ಸವತಿ ಎಂದರೆ ಸವತಿಯೇ. ಏನು ಮಾಡಲಿ, ಅವಳು ಆನೆ.

ನಮ್ಮ ಯಜಮಾನರು ಅರಣ್ಯ ಇಲಾಖೆಯಲ್ಲಿ ಗಾರ್ಡು. ಊರು ಹುನಗುಂದ, ಮನೆ ಬಾಗಲಕೋಟೆಯ ನವನಗರದಲ್ಲಿ, ನೌಕರಿ ಮಾತ್ರ ಸಕಲೇಶಪುರದ ಕಡೆ, ಕಾಫಿ ತೋಟಗಳ ನಡುವೆ. ಅಲ್ಲಿಯ ಕಾಡಾನೆ ಹಿಂಡಿನ ಹಿರಿಯಳ ಕೊರಳಿಗೆ ರೇಡಿಯೋ ಪಟ್ಟಿ ಹಾಕಿದ್ದಾರೆ. ಅವಳು ಎಲ್ಲಿದ್ದಾಳೆಂಬುದು ಇವರ ಫೋನಿಗೆ ಬರುತ್ತದೆ. ಇವರು ಆ ದಾರಿಯ ಮನೆಗಳಿಗೆಲ್ಲ ತಿಳಿಸಬೇಕು. ಅವಳಿಗೆ ಗಂಗವ್ವ ಎಂದು ಮುದ್ದಾಗಿ ಹೆಸರಿಟ್ಟವರೂ ಇವರೇ. ನನ್ನನ್ನು ಮದುವೆಯಾದಾಗಿನಿಂದ ಕರೆಯುವುದು "ಏ, ಇಲ್ಲಿ ಕೇಳು" ಅಂತ.

ರಜೆಗೆ ಬಂದು ಊಟಕ್ಕೆ ಕೂತರೂ ಅವಳದೇ ಸುದ್ದಿ. "ಭಾಳ ಶಾಣ್ಯಾ ಅದಾಳ ನೋಡು. ಕರೆಂಟಿನ ಬೇಲಿ ಮ್ಯಾಲ ಗಿಡಾ ಕೆಡವಿ ದಾಟಿಬಿಡ್ತಾಳ!" ಎಣಗಾಯಿ ಪಲ್ಯ ಹೇಗಿದೆ ಎಂದು ಒಂದು ಮಾತಿಲ್ಲ. ಬರುವಾಗ ಚೀಲದಲ್ಲಿ ಹಲಸಿನ ಹಣ್ಣು ತರುತ್ತಿದ್ದರು. ನನಗಾಗಿಯೇ ತಂದದ್ದೆಂದು ಹಿಗ್ಗಿದ್ದೆ. ಹಣ್ಣಿನ ವಾಸನೆಗೆ ಆನೆಗಳು ಮನೆಗಳ ಹತ್ತಿರ ಬರುತ್ತವೆಂದು ಮರದಿಂದ ಇಳಿಸಿಹಾಕಿದ ಹಣ್ಣುಗಳವು ಎಂದು ಆಮೇಲೆ ತಿಳಿಯಿತು. ಅವಳಿಗೆ ಕೊಡಬಾರದ್ದು ನನ್ನ ಪಾಲಿಗೆ!

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನವನಗರದ ಮನೆಯ ವಾಸ್ತುಶಾಂತಿ ಆಯಿತಲ್ಲ, ಅಂದು ಮಾನ ಹೋಯಿತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಗಂಡಹೆಂಡತಿ ಒಬ್ಬರ ಹೆಸರನ್ನೊಬ್ಬರು ಒಡಪಿನಲ್ಲಿ, ಅಂದರೆ ಪದ್ಯದಂಥ ಮಾತಿನಲ್ಲಿ, ಸೇರಿಸಿ ಹೇಳುವತನಕ ಹೆಣ್ಣುಮಕ್ಕಳು ಹೊಸ್ತಿಲು ದಾಟಗೊಡುವುದಿಲ್ಲ. ನಾನು ಸರಾಗ ಹೇಳಿ ಮುಗಿಸಿದೆ. ಇವರು ಕೆಮ್ಮಿ, ಟೋಪಿ ಸರಿಮಾಡಿಕೊಂಡು ಶುರುಮಾಡಿದರು:

"ಬಾದಾಮಿ ಕೆರಿಯಾಗ ನೀರು ತುಂಬ್ಯಾವ, ನನ್ನ ಮನಿ ಬೆಳಗಾಕ ಬಂದಾಕಿ ಗಂಗವ್ವ!"

ಇಳಕಲ್ಲಿನ ನಮ್ಮ ಚಿಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯವ್ವಾ! ಯಾಕಿ ಅಕಿ ಗಂಗವ್ವ?" ಎಂದಳು.

"ಆನಿ ಚಿಕ್ಕವ್ವ, ಆನಿ!" ಎಂದೆ. ಮನೆ ತುಂಬ ನಗೆ. ನಾನೂ ನಕ್ಕೆ.

ಬೀಗರೆಲ್ಲ ಹೋದ ಮೇಲೆ ಕೇಳಿಯೇಬಿಟ್ಟೆ. "ಬಾದಾಮಿ ಕಡೆ ವರ್ಗಕ್ಕ ಅರ್ಜಿ ಹಾಕ್ತೀರೋ ಇಲ್ಲೋ?"

"ಹಾಕ್ತೇನಿ ತಡಿ. ಗಂಗವ್ವ ಗಬ್ಬ ಅದಾಳ. ಅಕಿ ಈಯೂತನಕ..."

"ನಮ್ಮ ಮಗಳು ಹುಟ್ಟಿದಾಗ ನೀವು ಎಲ್ಲಿದ್ರಿ? ಆ ಹಾಳಾದಾಕಿ ಹಿಂದ ಬ್ಯಾಟರಿ ಹಿಡ್ಕೊಂಡು ತಿರಗ್ತಿದ್ರಿ!"

ಇವರು ಮರುದಿನವೇ ಅರ್ಜಿ ಹಾಕಿದರು.

ಆ ಬೇಸಿಗೆ ರಜೆಯಲ್ಲಿ ನಾನೇ ಅಲ್ಲಿಗೆ ಹೋದೆ. ಸವತಿಯ ಮುಖವನ್ನಾದರೂ ನೋಡೋಣ ಎಂದು. ಇವರು ಜೀಪಿನಿಂದ ದೂರಕ್ಕೆ ಕೈ ತೋರಿಸಿದರು. ಮೈ ತುಂಬ ಕೆಸರು, ಒಂದು ಕಿವಿ ಹರಿದಿದೆ. ಖರೆ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಇವರು, "ಹರಿದ ಕಿವೀನೂ ಎಷ್ಟು ಒಪ್ಪತೈತಿ ನೋಡು" ಎಂದರು. ಸಮಾಧಾನ ಅಲ್ಲಿಗೇ ಮುಗಿಯಿತು.

ಅಲ್ಲಿ ತೋಟದ ಆಳುಗಳ ಸಾಲುಮನೆಯಲ್ಲಿ ಒಬ್ಬ ಹೆಂಗಸು ನನಗೆ ಚಹಾ ಕೊಟ್ಟಳು. "ನಮ್ಮತ್ತೇನ ಆನೆ ತುಳಿದಿದ್ದು ಇದೇ ದಾರೀಲಿ ಮೇಡಂ. ಈಗ ಸರ್ ಫೋನ್ ಮಾಡದೆ ನಾನು ಮಗಳನ್ನ ಸ್ಕೂಲಿಗೂ ಬಿಡಲ್ಲ, ಸ್ಕೂಲಿಂದ ಮನೆಗೂ ಕರೆಸಲ್ಲ" ಎಂದಳು. ನೋಡಿ, ಇವರ ಫೋನಿಗೆ ದಾರಿ ಕಾಯುವವರಲ್ಲಿ ಇನ್ನೊಬ್ಬಳು! ಹಾಗೆಂದು ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆ ಮಗು ನನ್ನ ಪಕ್ಕದಲ್ಲೇ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿತ್ತು. ಸಿಟ್ಟು ಬರಲಿಲ್ಲ.

ಇದನ್ನೆಲ್ಲ ನೆನೆಯುತ್ತ ನಿಂತಿದ್ದೆ, ಬಸ್ಸು ಇನ್ನೂ ಬಂದಿರಲಿಲ್ಲ. ನಿನ್ನೆ, ಅಲ್ಲೇ ಕ್ರಾಸಿನಲ್ಲಿ, ಇವರ ಫೋನು ಬಂತು.

"ಏ, ಇಲ್ಲಿ ಕೇಳು. ವರ್ಗದ ಆರ್ಡರ್ ಬಂತು. ಬಾದಾಮಿಗೇ! ನನ್ನ ಜಾಗಾಕ್ಕ ಇನ್ನೂ ಯಾರೂ ಬಂದಿಲ್ಲ. ಆದ್ರ ನೀ 'ಬರ್ರಿ' ಅಂದ್ರ ನಾಳೇನ ಹೊಂಡತೇನಿ."

ಎಷ್ಟು ವರ್ಷದ ಆಸೆ! "ಬರ್ರಿ" ಎನ್ನಲು ಬಾಯಿ ತೆರೆದೆ. ಹೊರಬಿದ್ದ ಮಾತೇ ಬೇರೆ.

"ಈಗ ಅಕಿ ಎಲ್ಲಿ ಅದಾಳ?"

"ಮರಿ ಕರಕೊಂಡು ಸಾಲುಮನಿ ದಾರಿ ಹಿಡದಾಳ."

ಆ ಹುಡುಗಿ ಶಾಲೆಯಿಂದ ಮನೆಗೆ ಬರುವ ಹೊತ್ತು. "ಮತ್ತ ನನ್ನ ಜೋಡಿ ಏನು ಹರಟಿ ಹೊಡಕೋಂತ ನಿಂತೀರಿ? ಮದಲ ಆ ಹುಡುಗಿ ಅವ್ವಗ ಫೋನ್ ಹಚ್ಚರಿ. ಹೊಸಬರು ಬಂದು ದಾರಿ ಎಲ್ಲಾ ತಿಳಕೊಳ್ಳೂತನಕ ಅಲ್ಲೇ ಇರ್ರಿ."

ಅಷ್ಟಂದದ್ದೇ ತಡ, ಪಟ್ಟನೆ ಫೋನಿಟ್ಟುಬಿಟ್ಟರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನ ಮಾತನ್ನು ಇಷ್ಟು ಬೇಗ ಕೇಳಿದ್ದೇ ಇಲ್ಲ.