ಕೆಡವಿದ ಚಿಮಣಿ

ರುಕ್ಮಿಣಿ ಮೇಡಂ ಯಾವುದನ್ನೂ ಖಡಾಖಂಡಿತವಾಗಿ ಹೇಳಿದವರಲ್ಲ. ಮಗಳ ಮದುವೆಗೆ ಕರೆಯುವಾಗಲೂ, "ಮುಹೂರ್ತ ಹತ್ತೂವರೆಗೆ ಆಗೋ ಸಾಧ್ಯತೆ ಇದೆ, ಬನ್ನಿ" ಅಂದುಬಿಟ್ಟರು. ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಬೇಕಿತ್ತು. ಮಳೆಯ ಮುನ್ಸೂಚನೆ ಹೇಳಿ ಹೇಳಿ ಹಾಗಾದ ಬಾಯಿ, ಏನು ಮಾಡುತ್ತೀರಿ.

ಕುಂದಾಣದ ಹತ್ತಿರ ನಮ್ಮ ಸರ್ಕಾರಿ ಹವಾಮಾನ ಕೇಂದ್ರ. ಅಲ್ಲಿ ಅವರು ವಿಜ್ಞಾನಿ, ನಾನು ವೀಕ್ಷಕ. ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಸೇರುವ ಹವಾಮಾನ ತಜ್ಞರ ಸಂಘಕ್ಕೆ ನನ್ನನ್ನು ಸೇರಿಸಿದವರೂ ಅವರೇ. "ಆಫೀಸಲ್ಲಿ ಸಾಹೇಬ್ರು ಹೇಳಿದ್ದೇ ಮಳೆ ಕಣಪ್ಪಾ. ಸಂಘದಲ್ಲಿ ಹಂಗಲ್ಲ, ಯಾರು ಬೇಕಾದ್ರೂ ತಪ್ಪು ಹಿಡೀತಾರೆ" ಎನ್ನುತ್ತಿದ್ದರು. ಸಭೆಯ ದಿನ ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಕಾಯುತ್ತಿದ್ದರು. ಅದರಲ್ಲಿ ಅರ್ಧ ನನಗೆ.

ಮಂಜು ಎಷ್ಟು ದಟ್ಟವಾಗಿದೆ ಎಂದು ಅಳೆಯಲು ನಮ್ಮಲ್ಲಿ ಕಣ್ಣೇ ಸಾಧನ. ತಾರಸಿಯಿಂದ ನೋಡಿದರೆ ಮೊದಲು ಹುಣಸೆಮರ, ಆಮೇಲೆ ನೀರಿನ ಟ್ಯಾಂಕು, ಕೊನೆಗೆ ಇಟ್ಟಿಗೆ ಗೂಡಿನ ಚಿಮಣಿ. ಎಲ್ಲಿಯವರೆಗೆ ಕಾಣುತ್ತದೋ ಅದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಮಂಡಿನೋವಿನಿಂದ ಮೇಡಂ ತಾರಸಿ ಹತ್ತುವುದನ್ನು ಬಿಟ್ಟಿದ್ದರು. ಒಂದು ಚಳಿಗಾಲ ನಾನೂ ಮೈಗಳ್ಳತನದಿಂದ ಒಳಗೇ ಕುಳಿತು, ಕಿಟಕಿಯ ಬೆಳಕು ನೋಡಿ, ದಿನಾ "ಚಿಮಣಿ ಕಾಣುತ್ತಿದೆ" ಎಂದು ಬರೆದೆ. ಲೇಔಟ್ ಮಾಡುವವರು ಆ ಚಿಮಣಿಯನ್ನು ದೀಪಾವಳಿಗೆ ಮುಂಚೆಯೇ ಕೆಡವಿದ್ದರು.

ಅದು ನನಗೆ ತಿಳಿಯುವ ಹೊತ್ತಿಗೆ ಮೇಡಂ ಅದೇ ರಿಜಿಸ್ಟರನ್ನು ನಂಬಿ ಮಂಜಿನ ಮೇಲೆ ಪ್ರಬಂಧ ಬರೆದು ಮುಗಿಸಿದ್ದರು. ನಿವೃತ್ತಿಗೆ ಮುಂಚಿನ ಕೊನೆಯ ಪ್ರಬಂಧ. ಹೇಳಿದರೆ ನನ್ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಅವರ ಮರ್ಯಾದೆಗೆ. ಆದರೂ ಹೇಳಲಿಲ್ಲ.

ಸಭೆಯಲ್ಲಿ ಕೊನೆಯ ಸಾಲು ಹಿಡಿದೆ. ಮೇಡಂ ಪ್ರಬಂಧ ಓದಿ ಮುಗಿಸಿದ್ದೇ ಕುಂದಾಣದ ಕಡೆಯ ಹಿರಿಯ ವಿಜ್ಞಾನಿಯೊಬ್ಬರು ಎದ್ದರು. "ಆ ಚಿಮಣಿ ದೀಪಾವಳಿಗೆ ಮುಂಚೇನೇ ಕೆಡವಿದ್ರಲ್ಲ ಮೇಡಂ. ಜನವರೀಲಿ ನಿಮಗೆ ಹೆಂಗೆ ಕಾಣ್ತು?"

ಸಭೆ ನಕ್ಕಿತು. ಮೇಡಂ ಕಾಗದ ತಿರುವಿದರು, ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಬರೆದವನು ಇವನೇ ಎಂದು ಅವರು ತೋರಿಸಬಹುದಿತ್ತು. "ತಾಳೆ ನೋಡ್ದೆ ಬರೆದಿದ್ದು ನನ್ನ ತಪ್ಪು. ಪ್ರಬಂಧ ವಾಪಸ್ ತಗೋತೀನಿ" ಎಂದು ವೇದಿಕೆ ಇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಪಕ್ಕ ಕುಳಿತಿದ್ದೆ. ಬಸ್ಸು ಯಲಹಂಕ ದಾಟಿತು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ನನ್ಹತ್ರ ಹೇಳಿ ಏನಪ್ಪಾ ಬಂತು? ಕೇಳ್ಬೇಕಾದೋರು ಅಲ್ಲಿದ್ರು" ಎಂದು ಕಿಟಕಿಯ ಕಡೆ ತಿರುಗಿದರು. ಅವತ್ತು ಡಬ್ಬಿ ತೆರೆಯಲೇ ಇಲ್ಲ.

ನಿವೃತ್ತಿಯಾದ ಮೇಲೆ ಅವರು ಸಂಘಕ್ಕೆ ಬರಲಿಲ್ಲ. ನಾನು ತಪ್ಪದೆ ಹೋಗುತ್ತಿದ್ದೆ. "ಬೇರೆ ವಿಷಯ ಏನಾದ್ರೂ?" ಎಂದು ಅಧ್ಯಕ್ಷರು ಕೇಳಿದಾಗಲೆಲ್ಲ ಎದ್ದು ಹೇಳಬೇಕು ಅಂದುಕೊಳ್ಳುತ್ತಿದ್ದೆ, ಏಳುತ್ತಿರಲಿಲ್ಲ. ಹೇಡಿ ನಾನು. ಹೀಗೇ ಎರಡು ವರ್ಷ ಕಳೆದೆ.

ಕಳೆದ ತಿಂಗಳು ಸಂಘದಲ್ಲಿ ಅವರ ಸಂತಾಪ ಸಭೆ ನಡೆಯಿತು. ಅಧ್ಯಕ್ಷರು ಬಾಯ್ತುಂಬ ಹೊಗಳಿ, "ಕೊನೇ ಪ್ರಬಂಧದಲ್ಲಿ ಮಾತ್ರ ಮೇಡಂ ಸ್ವಲ್ಪ ಎಡವಿದ್ರು" ಎಂದರು.

ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದೆ.

"ಎಡವಿದ್ದು ಅವರಲ್ಲ ಸಾರ್. ಆ ಚಳಿಗಾಲದ ರಿಜಿಸ್ಟರ್ ಬರೆದವನು ನಾನು."