ಹೊಳೆ ದಾಟಿದ ಕುದುರೆಗಳು ಯಾರವು

ಆರಿನ್ ಟ್ಯಾಕೆಟ್‌ಗೆ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಕಾಮಾಲೆ ಬಂತು, ಅದೂ ಬರಬಾರದ ಹೊತ್ತಿನಲ್ಲಿ. ಬರ್ಬ್ಯಾಂಕಿನ ಒಂದು ಸಿನಿಮಾ ಸ್ಟುಡಿಯೋ ಅವನಿಗೆ ನಿರ್ದೇಶಿಸಲು ಮೊದಲ ಚಿತ್ರ ಕೊಟ್ಟಿತ್ತು. ಕುದುರೆ, ಬಂದೂಕಿನ ಸಣ್ಣ ಚಿತ್ರ, ಹದಿನೆಂಟು ದಿನದ ಕೆಲಸ. ಅವನು ಕಣ್ಣು ಹಳದಿಯಾಗಿ ಹಾಸಿಗೆ ಹಿಡಿದಾಗ ನಿರ್ಮಾಪಕರು ಅವನ ಜೊತೆಗೇ ಸಹಾಯಕನಾಗಿದ್ದ ಹಾಲಿಸ್ ಗ್ರೀರ್‌ನನ್ನು ನಿರ್ದೇಶಕನ ಕುರ್ಚಿಯಲ್ಲಿ ಕೂರಿಸಿದರು. ಚಿತ್ರ ಓಡಿತು. ಆಮೇಲೆ ಹಾಲಿಸ್ ಆ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಆರಿನ್‌ಗೆ ಸಿಕ್ಕಿದ್ದು ಹಾಲಿಸ್‌ನ ಎರಡನೇ ತಂಡ. ದೊಡ್ಡ ನಟರಿಲ್ಲದ ದೃಶ್ಯಗಳೆಲ್ಲ ಆ ತಂಡದ ಪಾಲು: ಓಡುವ ಕುದುರೆ, ಉರುಳುವ ಕಾರು, ಗದ್ದಲದ ಜನಜಂಗುಳಿ. ನಾನು ಹಾಲಿಸ್‌ನ ಸಂಕಲನ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಫಿಲ್ಮ್ ಕತ್ತರಿಸಿದವಳು. ಇಬ್ಬರನ್ನೂ ಹತ್ತಿರದಿಂದ ಬಲ್ಲೆ. ಹಾಲಿಸ್ ಕೋರ್ಟಿನ ಕಥೆ ಮಾಡಿದ, ವಿಧವೆಯ ಕಥೆ ಮಾಡಿದ, ಮುಳುಗಿದ ಗಣಿಯ ಕಥೆ ಮಾಡಿದ. ಪ್ರತಿ ಚಿತ್ರದ ಮೊದಲ ದಿನದ ಮೊದಲ ಆಟಕ್ಕೆ ಆರಿನ್ ಹೆಂಡತಿ ವೀಡಾಳನ್ನು ಕರೆದುಕೊಂಡು ಹೋಗುತ್ತಿದ್ದ. ತಾನು ತೆಗೆದ ದೃಶ್ಯ ಎಷ್ಟು ನಿಮಿಷ ಬಂತೆಂದು ಕತ್ತಲಲ್ಲೇ ಗಡಿಯಾರ ಹಿಡಿದು ಅಳೆಯುತ್ತಿದ್ದ. ವೀಡಾ ಒಮ್ಮೆ ನನ್ನೆದುರಿಗೇ ಅಂದಳು: "ಕೊನೇಲಿ ಆ ವಿಧವೆ ಏನಾದ್ಲು ಅಂತ ಇವನನ್ನ ಕೇಳು ನೋಡೋಣ. ಹನ್ನೊಂದೂವರೆ ನಿಮಿಷ ಅಂತಾನೆ."

ಹಾಲಿಸ್‌ಗೆ ಬಹುಮಾನ ಬಂದಾಗಲೆಲ್ಲ ಆರಿನ್ ಎಲ್ಲರಿಗಿಂತ ಮುಂಚೆ ಹೋಗಿ ಕೈಕುಲುಕುತ್ತಿದ್ದ. ಮನೆಗೆ ಬಂದರೆ ಎರಡು ದಿನ ಅವನ ಬಾಯಲ್ಲಿ ಮಾತಿಲ್ಲ.

ಆರನೇ ಚಿತ್ರದಲ್ಲಿ ಅರವತ್ತು ಕುದುರೆಗಳು ಕರ್ನ್ ನದಿಯನ್ನು ದಾಟುವ ದೃಶ್ಯವಿತ್ತು. ಆರಿನ್ ಸೊಂಟಮಟ್ಟ ತಣ್ಣೀರಿನಲ್ಲಿ ನಿಂತು ನಾಲ್ಕು ದಿನ ತೆಗೆದ. ಹಾಲಿಸ್ ಅತ್ತ ಸುಳಿಯಲೂ ಇಲ್ಲ. ಮುಂದೆ ಆ ದೃಶ್ಯವೇ ಹಾಲಿಸ್‌ನ ಗುರುತಾಯಿತು. ಕಾಲೇಜುಗಳಲ್ಲಿ ಅದನ್ನು ಪಾಠ ಮಾಡಿದರು, ಗ್ರೀರ್‌ನ ಹೊಳೆ ಎಂದು ಹೆಸರಿಟ್ಟರು. ನಡು ಹೊಳೆಯಲ್ಲಿ ಒಂದು ಬೂದು ಕುದುರೆ ಹಿಂಡನ್ನು ಬಿಟ್ಟು ಹಿಂದಕ್ಕೆ ತಿರುಗುತ್ತದೆ. ಅದರ ಅರ್ಥವೇನೆಂದು ಪುಟಗಟ್ಟಲೆ ಬರೆದರು. ಅಂಥ ಬರಹಗಳನ್ನೆಲ್ಲ ಆರಿನ್ ಹುಡುಕಿ ಹುಡುಕಿ ಓದುತ್ತಿದ್ದ, ಹುಣ್ಣು ಕೆರೆದುಕೊಳ್ಳುವವನ ಹಾಗೆ.

ಹಾಲಿಸ್‌ಗೆ ಅರವತ್ತೆರಡಾದ ವರ್ಷ ಲಾಸ್ ಏಂಜಲೀಸಿನ ಒಂದು ಸಭಾಂಗಣದಲ್ಲಿ ಅವನ ಚಿತ್ರಗಳನ್ನೆಲ್ಲ ಒಂದು ವಾರ ತೋರಿಸಿದರು. ಅದಕ್ಕೆ ಮುಂಚೆ ಪತ್ರಿಕೆಯವಳೊಬ್ಬಳು ಹಳೇ ಒಡನಾಡಿಯ ನೆನಪು ಕೇಳಿಕೊಂಡು ಆರಿನ್‌ನ ಮನೆಗೆ ಬಂದಳು. ಅವಳ ಮುಂದೆ ಮೂವತ್ತು ವರ್ಷದ ಕಹಿಯೆಲ್ಲ ಹೊರಬಿತ್ತು. ಆ ಹೊಳೆ ಗ್ರೀರ್‌ನದಲ್ಲ, ತನ್ನದು. ಅವನು ಆ ನೀರಿನಲ್ಲಿ ಕಾಲು ಕೂಡ ಇಟ್ಟವನಲ್ಲ ಎಂದ. ಭಾನುವಾರದ ಪತ್ರಿಕೆಯಲ್ಲಿ ಅದೇ ದಪ್ಪ ಅಕ್ಷರದ ತಲೆಬರಹವಾಯಿತು.

ಸೋಮವಾರ ಆ ಚಿತ್ರದ ಸರದಿ. ಆಟ ಮುಗಿದ ಮೇಲೆ ಹಾಲಿಸ್ ವೇದಿಕೆ ಹತ್ತಿದ. ಸಭಿಕನೊಬ್ಬ ಎದ್ದು, ಪತ್ರಿಕೆಯಲ್ಲಿ ಬಂದದ್ದು ನಿಜವೇ ಎಂದು ಕೇಳಿಯೇಬಿಟ್ಟ. ಆರಿನ್ ನನ್ನ ಪಕ್ಕದಲ್ಲಿ ಕುಳಿತಿದ್ದ.

"ನಿಜ," ಅಂದ ಹಾಲಿಸ್. "ಹೊಳೆ ತೆಗೆದದ್ದು ಪೂರ್ತಿ ಆರಿನ್. ಅಗೋ, ಐದನೇ ಸಾಲಲ್ಲಿ ಕೂತಿದಾನೆ. ಏಳೋ, ನಾಚ್ಕೋಬೇಡ."

ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರಿನ್ ಎದ್ದು, ಬಗ್ಗಿ, ಕುಳಿತ. ಮುಖ ಸುಣ್ಣದಂತಾಗಿತ್ತು.

ಏಕೆಂದರೆ ಹಾಲಿಸ್ ಹೇಳದೆ ಉಳಿಸಿದ ಒಂದು ಸಂಗತಿಯಿತ್ತು. ಅದು ನಮ್ಮ ಮೂವರಿಗೆ, ವೀಡಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬೂದು ಕುದುರೆ ತಿರುಗಿಕೊಂಡ ತುಂಡು ಕೆಟ್ಟಿದೆ, ಎಸೆಯಿರಿ ಎಂದು ಆರಿನ್ ತನ್ನ ಕೈಯಾರೆ ಬರೆದು ಕಳಿಸಿದ್ದ. ಕುದುರೆಗಳು ಸಾಲಾಗಿ ನೆಟ್ಟಗೆ ದಾಟಿದ ತುಂಡೇ ಬೇಕೆಂದು ನನ್ನ ಮೇಜಿನ ಮುಂದೆ ನಿಂತು ಜಗಳವಾಡಿದ್ದ. ಎಸೆದ ತುಂಡನ್ನು ಬುಟ್ಟಿಯಿಂದ ತೆಗೆಸಿ ಚಿತ್ರಕ್ಕೆ ಸೇರಿಸಿದವನು ಹಾಲಿಸ್.

ಹೊರಗೆ ಕಾರುಗಳ ಹತ್ತಿರ ವೀಡಾ ಗಂಡನ ತೋಳು ಹಿಡಿದು, ಇನ್ನಾದರೂ ಸಮಾಧಾನವಾಯಿತೇ ಎಂದು ಕೇಳಿದಳು.

"ಅವನು ಹೇಳಬಹುದಿತ್ತು," ಅಂದ ಆರಿನ್. "ಬುಟ್ಟಿ ವಿಷಯ ಒಂದ್ಮಾತು ಹೇಳಿದ್ರೆ ನನ್ ಮಾನ ಅಲ್ಲೇ ಹೋಗ್ತಿತ್ತು. ಹೇಳ್ಲಿಲ್ಲ. ದೊಡ್ಡವನು ಅನ್ನಿಸ್ಕೊಳ್ಳೋದೂ ಅವನ ಪಾಲಿಗೇ ಹೋಯ್ತು ನೋಡು."

ಮುಂದಿನ ಚಿತ್ರಕ್ಕೆ ಹಾಲಿಸ್ ಕರೆದಾಗ ಆರಿನ್ ಬೆನ್ನುನೋವಿನ ನೆಪ ಹೇಳಿದ. ಅವನ ಜಾಗಕ್ಕೆ ಸ್ಟಾಬ್ ಎಂಬ ಹೊಸಬ ಬಂದ. ಆ ಚಿತ್ರ ಬಿಡುಗಡೆಯಾದ ದಿನ ಆರಿನ್ ಎಂದಿನಂತೆ ಹೋಗಿ ಕುಳಿತ. ಲಾರಿಗಳು ಕಣಿವೆಗೆ ಇಳಿಯುವ ದೃಶ್ಯ ಚೆನ್ನಾಗಿಯೇ ಬಂದಿತ್ತು. ಆರಿನ್‌ಗೆ ಮಾತ್ರ ಮೈಯೆಲ್ಲ ಉರಿಯಿತು. ಈ ಸಲ ಹಾಲಿಸ್‌ನ ಮೇಲಲ್ಲ, ಮುಖವನ್ನೇ ನೋಡದ ಆ ಸ್ಟಾಬ್‌ನ ಮೇಲೆ. ಮನೆಗೆ ಬಂದವನು ಟೋಪಿಯನ್ನೂ ತೆಗೆಯದೆ ಹಾಲಿಸ್‌ಗೆ ಫೋನ್ ಮಾಡಿದನಂತೆ.

"ನಿನ್ ಲಾರಿಗಳನ್ನ ಯಾವನೋ ಕೆಡಿಸಿಬಿಟ್ಟಿದಾನಲ್ಲೋ."

"ನೀನು ಬರ್ಲಿಲ್ವಲ್ಲ," ಅಂದ ಹಾಲಿಸ್.

ಅದರ ಮುಂದಿನ ಚಿತ್ರಕ್ಕೆ ಆರಿನ್ ಹೋದ. ಹಾಲಿಸ್‌ಗೆ ಅದೇ ಕೊನೆಯ ಚಿತ್ರ. ಇಬ್ಬರೂ ನನ್ನ ಕೊಠಡಿಯಲ್ಲಿ ಒಂದು ಧೂಳಿನ ದೃಶ್ಯಕ್ಕಾಗಿ ಎರಡು ದಿನ ಕಚ್ಚಾಡಿದರು. ಮೂರನೆಯ ದಿನ ಹಾಲಿಸ್ ಸೋತ, ಆರಿನ್ ಹೇಳಿದ ತುಂಡೇ ಉಳಿಯಿತು. ವಿಮರ್ಶಕರು ಅದನ್ನೂ ಹೊಗಳಿದರು, ಗ್ರೀರ್‌ನ ಧೂಳು ಎಂದು.