ಟ್ರಯಲ್ ಚಿಕ್ಕಪ್ಪನ ಕೊನೆಯ ಬಾಗಿಲು

ನನ್ನ ಚಿಕ್ಕಪ್ಪ ಬಟ್ಟೆಗೆ ಕತ್ತರಿ ಹಾಕುವ ಮೊದಲು ಒಮ್ಮೆ ಉಸಿರು ಬಿಗಿಹಿಡಿಯುತ್ತಾನೆ. ಆಮೇಲೆ ಕತ್ತರಿ ಕೆಳಗಿಟ್ಟು ಕಾಫಿ ಕುಡಿಯಲು ಹೋಗುತ್ತಾನೆ. ವಾಪಸು ಬಂದು ಬೇಕಾದ್ದಕ್ಕಿಂತ ಎರಡು ಬೆರಳು ಅಗಲವಾಗಿ ಕತ್ತರಿಸಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ ನೋಡಿ, ಬಿಚ್ಚಿ, ಮತ್ತೆ ಹಾಕಿ, ಮತ್ತೆ ತೊಡಿಸುತ್ತಾನೆ. ಬೇರೆ ಟೈಲರುಗಳ ಹತ್ತಿರ ಒಂದು ಟ್ರಯಲ್ ಆದರೆ ಇವನಲ್ಲಿ ಮೂರು. ಹಾಗಾಗಿ ಬೀದಿಗೆಲ್ಲ ಇವನು ಟ್ರಯಲ್ ಟೈಲರ್. ಮದುವೆಗೆಂದು ಕೊಟ್ಟ ಸೂಟು ಮಗುವಿನ ಹುಟ್ಟುಹಬ್ಬಕ್ಕೆ ಸಿಕ್ಕಿತು ಎಂದು ಒಬ್ಬ ಗಿರಾಕಿ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಶುದ್ಧ ಸುಳ್ಳು. ಹೆರಿಗೆಗೆ ಮೊದಲೇ ಕೊಟ್ಟಿದ್ದೆವು.

ನಾನು ಅವನ ಅಣ್ಣನ ಮಗಳು, ಅದೇ ಅಂಗಡಿಯಲ್ಲಿ ನನಗೂ ಕೆಲಸ. ಗುಂಡಿ, ಕಾಜ, ಬೈಗುಳ ನನ್ನ ಇಲಾಖೆ. ಅಳತೆ, ಕತ್ತರಿ, ಮೀನಮೇಷ ಅವನದು.

ಇಂಥವನ ಕೈಗೆ ವಿಡಿಯೋ ಗೇಮ್ ಸಿಕ್ಕಿದ್ದು ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಟ್ರಯಲ್‌ಗೆ ಬಂದವರ ಮಕ್ಕಳು ಗುಂಡಿ ಡಬ್ಬಿ ಬೀಳಿಸದಿರಲಿ ಎಂದು ಹಿಂದಿನ ಕೋಣೆಯ ಟೀವಿಗೆ ಒಂದು ಹಳೆಯ ಗೇಮ್ ಪೆಟ್ಟಿಗೆ ಜೋಡಿಸಿದ್ದೆವು. ತಿಂಗಳೊಪ್ಪತ್ತಿನಲ್ಲಿ ಮಕ್ಕಳು ಸಾಲಾಗಿ ನಿಂತು ಚಿಕ್ಕಪ್ಪನ ಸರದಿ ಮುಗಿಯುವುದನ್ನು ಕಾಯುವಂತಾಯಿತು.

ಅವನು ಹಚ್ಚಿಕೊಂಡದ್ದು ಒಬ್ಬ ದಾರಿಹೋಕನ ಆಟ. ಬಾವಿಕಟ್ಟೆಯಿಂದ ಹೊರಟ ಈ ದಾರಿಹೋಕನನ್ನು ಹೆಜ್ಜೆಹೆಜ್ಜೆಗೂ ಯಾರೋ ಏನೋ ಕೇಳುತ್ತಾರೆ. ನೀರು ಕೊಡ್ತೀಯಾ? ನಿಜ ಹೇಳ್ತೀಯಾ? ಕಳ್ಳನನ್ನು ಹಿಡಿದುಕೊಡ್ತೀಯಾ? ಕೊಟ್ಟ ಉತ್ತರದ ಮೇಲೆ ಮುಂದಿನ ಕಥೆ. ಚಿಕ್ಕಪ್ಪ ಪ್ರತಿ ಪ್ರಶ್ನೆಗೂ ಮುಂಚೆ ಆಟವನ್ನು ಸೇವ್ ಮಾಡಿಟ್ಟುಕೊಳ್ಳುತ್ತಿದ್ದ. ಸುಳ್ಳು ಹೇಳಿ ಏನಾಗುತ್ತದೆ ನೋಡುವುದು, ವಾಪಸು ಬರುವುದು, ನಿಜ ಹೇಳಿ ನೋಡುವುದು, ಮತ್ತೆ ವಾಪಸು. ಎಲ್ಲವನ್ನೂ ತೊಡಿಸಿ ನೋಡಿದ ಮೇಲೆಯೇ ಪಕ್ಕಾ ಹೊಲಿಗೆ. ಪೆಟ್ಟಿಗೆಯಲ್ಲಿ ಒಂದೇ ಒಂದು ಆಟವನ್ನು ಉಳಿಸಿಡುವಷ್ಟು ಜಾಗ, ಆ ಜಾಗ ಇವನದೇ ಎಂದು ಮಕ್ಕಳೂ ಒಪ್ಪಿಬಿಟ್ಟಿದ್ದವು.

ಆಟವಾಡಿ ಸುಮ್ಮನಿದ್ದರೆ ಸರಿ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಗಿರಾಕಿಗಳ ತಲೆಗೂ ಹುಳ ಬಿಡುತ್ತಿದ್ದ. ಹೆಡ್‌ಮಾಸ್ತರರ ಕುತ್ತಿಗೆಗೆ ಟೇಪು ಸುತ್ತಿಕೊಂಡೇ ಒಂದು ದಿನ ಶುರುಮಾಡಿದ.

“ಸಾರ್, ನಾನು ಒಂದು ಹಳ್ಳೀಲಿ ಸುಳ್ಳು ಹೇಳಿದೆ. ಒಬ್ಬ ಮುದುಕಿ ಅತ್ತಳು. ಹಿಂದಕ್ಕೆ ಹೋಗಿ ಸುಳ್ಳು ಅಳಿಸಿದೆ. ಈಗ ಆ ಮುದುಕಿ ಅತ್ತಿದ್ದು ಎಲ್ಲಿಗೆ ಹೋಯ್ತು?”

“ಮೊದಲು ಟೇಪು ಸಡಿಲ ಮಾಡಪ್ಪ,” ಎಂದರು ಹೆಡ್‌ಮಾಸ್ತರರು.

“ಸತ್ತು ವಾಪಸ್ ಬಂದವನು ಅವನೇನಾ, ಬೇರೆಯವನಾ?”

“ಇನ್ನೂ ಸ್ವಲ್ಪ ಬಿಗಿ ಮಾಡಿದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ.”

ಆದರೆ ಇವನ ಪ್ರಶ್ನೆಗಳನ್ನು ಮುಖ ಗಂಟಿಕ್ಕದೆ ಕೇಳುತ್ತಿದ್ದವರು ಒಬ್ಬರಿದ್ದರು. ಪಕ್ಕದ ಕನ್ನಡಕದಂಗಡಿಯ ಆಂಟಿ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಚಿಕ್ಕಪ್ಪ ಅವರಲ್ಲಿ ಕಣ್ಣು ತೋರಿಸಲು ಹೋದ ದಿನ ನಾನೂ ಜೊತೆಗಿದ್ದೆ. “ಇದು ಸ್ಪಷ್ಟವಾ, ಇದಾ?” ಎಂದು ಅವರು ಗಾಜು ಬದಲಿಸಿ ಕೇಳಿದರೆ, “ಇನ್ನೊಂದು ಸಲ ಮೊದಲನೇದು ತೋರಿಸಿ,” ಎನ್ನುತ್ತಾನೆ. ತೋರಿಸಿದರೆ, “ಈಗ ಎರಡನೇದು.” ಹೊರಗೆ ಕಾಯುತ್ತಿದ್ದವರು ಎದ್ದು ಮನೆಗೆ ಹೋದರು. ಇವನ ಕಣ್ಣಿನ ದೋಷ ಏನೆಂದು ಆಂಟಿಗೆ ಅವತ್ತೇ ಗೊತ್ತಾಗಿರಬೇಕು. ಮಾರನೆಯ ದಿನದಿಂದ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಮ್ಮ ಹಿಂದಿನ ಕೋಣೆಗೆ ಬರತೊಡಗಿದರು. ಇವನು ಆಡುವುದು, ಅವರು ನೋಡಿ ಗೇಲಿ ಮಾಡುವುದು. ಅವರನ್ನು ಚಿಕ್ಕಮ್ಮ ಎಂದು ಕರೆಯಬೇಕೆಂಬ ಆಸೆ ನನ್ನ ನಾಲಿಗೆಯ ತುದಿಯಲ್ಲಿ ಕೂತು ಕೂತು ಸವೆಯಿತು. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ, ಇನ್ನೇನು ಮಾಡುವುದು.

ಅಷ್ಟರಲ್ಲಿ ದಾರಿಹೋಕ ಕೊನೆಯ ಬಾಗಿಲಿಗೆ ಬಂದು ನಿಂತ. ಒಳಗೆ ಹೋದರೆ ಸೇವ್ ಇಲ್ಲ, ವಾಪಸು ಬರುವ ಹಾಗಿಲ್ಲ, ಎಂದು ಅಲ್ಲಿಯ ಕಾವಲುಗಾರ ಹೇಳಿದ. ಚಿಕ್ಕಪ್ಪ ಸರಿ ಎಂದು ತಲೆಯಾಡಿಸಿ ಹಿಂತಿರುಗಿ ಬಂದು ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯಲು ಶುರುಮಾಡಿದ. ರಾಜ್ಯ ಉಳಿಸಲು ಹೊರಟವನು ಆ ವರ್ಷವೆಲ್ಲ ಕುರಿ ಕಾಯ್ದ. ಕುರಿಗಳು ದಪ್ಪಗಾದವು.

ಒಂದು ಸೋಮವಾರ ಆಂಟಿ ನಮ್ಮ ಬಾಗಿಲಲ್ಲಿ ನಿಂತು, “ಟೈಲರೇ, ನಮ್ಮಣ್ಣ ಅವನ ಊರಲ್ಲಿ ದೊಡ್ಡ ಅಂಗಡಿ ಹಾಕಿದ್ದಾನೆ. ಇದನ್ನ ಮುಚ್ಚಿ ಬಾ ಅಂತಿದ್ದಾನೆ. ಶನಿವಾರ ಸಂಜೆಗೆ ಉತ್ತರ ಹೇಳಬೇಕು. ನೀವೇನಂತೀರಿ?” ಎಂದರು.

ಚಿಕ್ಕಪ್ಪನ ಬಾಯಲ್ಲಿ ಪಿನ್ನುಗಳಿದ್ದವು. “ಉಂ,” ಎಂದ.

ಆಂಟಿ ತಿರುಗಿ ತಮ್ಮ ಅಂಗಡಿಗೆ ಹೋದರು. ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯಿತ್ತು, ಕಾದಿತ್ತು ಕೂಡ. ಎಸೆಯಲಿಲ್ಲ ಎಂಬುದು ನನ್ನ ದೊಡ್ಡತನ.

“ಹೋಗ್ಬೇಡಿ ಅನ್ನೋಕೇನು ಕಷ್ಟ ನಿಂಗೆ?”

“ಯಾಕೆ ಅಂತ ಕೇಳಿದ್ರೆ?”

“ಮದುವೆ ಆಗೋಣ ಅನ್ನು.”

“ಇಲ್ಲ ಅಂದ್ಬಿಟ್ರೆ? ಆಡಿದ ಮಾತು ಅಳಿಸೋಕಾಗುತ್ತಾ? ದಿನಾ ಬರೋದೂ ನಿಂತುಹೋಗುತ್ತೆ.”

“ಶನಿವಾರ ಆದ್ಮೇಲೆ ಅದು ಹೇಗೂ ನಿಲ್ಲುತ್ತಲ್ಲ ಚಿಕ್ಕಪ್ಪ!”

ಅವನು ಒಂದು ಬಿಳಿ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತ. ಪಕ್ಕದಂಗಡಿಯ ಕಡೆಯ ಗೋಡೆಯಿಂದ ಕಣ್ಣು ಕೀಳಲಿಲ್ಲ. ಇಷ್ಟು ದಿನ ಇವನದು ಸೋಮಾರಿತನ ಎಂದುಕೊಂಡಿದ್ದೆ, ಹೆದರಿಕೆ ಎಂದು ಆಗ ಗೊತ್ತಾಯಿತು. ನನಗೆ ಅಳು ಬಂತು. ಅಳುವ ಬದಲು ಇನ್ನಷ್ಟು ಬೈದೆ.

ಶನಿವಾರ ಮಧ್ಯಾಹ್ನ ಹೆಡ್‌ಮಾಸ್ತರರ ಕೋಟಿನ ಮೂರನೆಯ ಟ್ರಯಲ್. ಆಂಟಿ ಬಂದು, ನೇರವಾಗಿ ಹಿಂದಿನ ಕೋಣೆಗೆ ಹೋಗಿ ಕೂತರು. ಕೈ ಸುಮ್ಮನಿರಲಾರದೆ ಗೇಮ್ ಹಾಕಿದರು. ಈ ಆಂಟಿ ಬೀದಿಗೆಲ್ಲ ಕನ್ನಡಕ ಹಾಕಿಸುತ್ತಾರೆ, ತಾವು ಮಾತ್ರ ಹಾಕುವುದಿಲ್ಲ. ಮೂಗಿನ ಮೇಲೆ ಗುರುತು ಬೀಳುತ್ತದಂತೆ. ಹೊಸದಾಗಿ ಆಟ ಶುರುವಾದಾಗ ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಪ್ರಶ್ನೆ ಬಂತು. ಹೂಂ ಎಂದು ಗುಂಡಿ ಒತ್ತಿದರು.

“ಟೈಲರೇ,” ಎಂದು ಒಳಗಿನಿಂದ ಕೂಗಿದರು. “ನಿಮ್ಮ ಕುರಿಗಳೆಲ್ಲ ಎಲ್ಲಿ?”

ಚಿಕ್ಕಪ್ಪ ಒಳಗೆ ಓಡಿದ. ಒಂದೇ ತೋಳಿನ ಕೋಟಿನಲ್ಲಿ ಹೆಡ್‌ಮಾಸ್ತರರೂ ಹಿಂದೆಯೇ ಬಂದರು. ಪರದೆಯ ಮೇಲೆ ದಾರಿಹೋಕ ಮೊದಲ ಬಾವಿಕಟ್ಟೆಯ ಹತ್ತಿರ, ಇನ್ನೂ ಧೂಳು ಹತ್ತದ ಅಂಗಿಯಲ್ಲಿ ನಿಂತಿದ್ದ. ಹಳ್ಳಿಗಳು, ಮುದುಕಿ, ಕಾವಲುಗಾರ, ಕೊನೆಯ ಬಾಗಿಲು, ಎಲ್ಲ ಅಳಿಸಿಹೋಗಿತ್ತು. ಇದ್ದ ಒಂದೇ ಜಾಗದಲ್ಲಿ ಆಂಟಿಯ ಹೊಸ ಆಟ ಕೂತಿತ್ತು.

“ವಾಪಸ್ ತರೋಕಾಗಲ್ವಾ?” ಆಂಟಿಯ ಮುಖ ಬಿಳಚಿಕೊಂಡಿತ್ತು.

“ಇಲ್ಲ.”

“ಏನೋ ಕೇಳ್ತು... ನಂಗೆ ಅಕ್ಷರ ಕಾಣಲಿಲ್ಲ.” ಅವರ ಕಣ್ಣು ತುಂಬಿಬಂತು. ನಾನು ಗೋಡೆಗೆ ಆತುಕೊಂಡೆ. ಇವನು ಏನಾದರೂ ಅಂದುಬಿಟ್ಟರೆ ಎಲ್ಲ ಮುಗಿಯಿತು ಎನ್ನಿಸಿತು.

ಚಿಕ್ಕಪ್ಪ ಪರದೆಯನ್ನು ನೋಡಿದ. ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಆಮೇಲೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟು ನಗತೊಡಗಿದ.

“ಇಷ್ಟೇನಾ? ಇದಕ್ಕೇನಾ ನಾನು ಇಷ್ಟು ಹೆದರಿದ್ದು? ಎಲ್ಲಾ ಹೋಯ್ತು. ನೋಡಿ, ನಾನು ಇಲ್ಲೇ ನಿಂತಿದ್ದೀನಿ, ಏನೂ ಆಗಿಲ್ಲ.” ನಗು ನಿಂತಿತು. “ಮೇಡಂ, ನೀವು ಹೋಗಬೇಡಿ.”

“ಎಲ್ಲಿಗೆ?” ಎಂದರು ಆಂಟಿ, ಗೊತ್ತಿದ್ದೂ.

“ಅಣ್ಣನ ಊರಿಗೆ. ಇಲ್ಲೇ ಇರಿ. ನನ್ನ ಜೊತೆ. ಮದುವೆ ಆಗೋಣ.”

ಹೆಡ್‌ಮಾಸ್ತರರು ಕೇಳಿದ ರಭಸಕ್ಕೆ ಸ್ಟೂಲಿನ ಮೇಲೆ ಕೂತೇಬಿಟ್ಟರು, ಕೂತಷ್ಟೇ ವೇಗದಲ್ಲಿ ಎದ್ದರು.

ಆಂಟಿ ಕಣ್ಣೊರೆಸಿಕೊಂಡರು. ಅಂಗಡಿಯಲ್ಲಿ ಗಿರಾಕಿಯ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತು ಬಲಗೈ ಎತ್ತಿದರು. “ಇದು ಹೋಗೋದು.” ಎಡಗೈ ಎತ್ತಿದರು. “ಇದು ಇರೋದು. ಯಾವುದು ಸ್ಪಷ್ಟ?”

“ಎರಡನೇದು.”

“ಇನ್ನೊಂದು ಸಲ ಮೊದಲನೇದು ತೋರಿಸ್ಲಾ?”

“ಬೇಡ,” ಎಂದ ಚಿಕ್ಕಪ್ಪ.

ಅವತ್ತು ಸಂಜೆ ಆಂಟಿಯ ಅಣ್ಣನಿಗೆ ಉತ್ತರ ಹೋಯಿತು. ಮಾರನೆಯ ದಿನ ಚಿಕ್ಕಪ್ಪ ಆಂಟಿಗೆ ಅಂಗಡಿಯಲ್ಲಿ ತೊಡುವ ಬಿಳಿ ಕೋಟು ಹೊಲಿಯಲು ಕೂತ. ಉಸಿರು ಬಿಗಿಹಿಡಿಯಲಿಲ್ಲ, ಕಾಫಿಗೆ ಹೋಗಲಿಲ್ಲ. ಅಳತೆಗೆ ಸರಿಯಾಗಿ ಕತ್ತರಿಸಿ, ಕಚ್ಚಾ ಹೊಲಿಗೆಯೂ ಇಲ್ಲದೆ, ಟ್ರಯಲ್ಲೂ ಇಲ್ಲದೆ ನೇರ ಮಷೀನಿಗೆ ಕೊಟ್ಟ. ಇಷ್ಟು ವರ್ಷದಲ್ಲಿ ಅವನು ಕೆಡಿಸಿದ ಒಂದೇ ಬಟ್ಟೆ ಅದು. ಎಡತೋಳು ಒಂದು ಬೆರಳು ಉದ್ದವಾಯಿತು.

ಇಬ್ಬರೂ ಈಗ ಹೊಸ ಆಟವನ್ನು ಒಟ್ಟಿಗೆ ಆಡುತ್ತಾರೆ. ಅವರು ಕನ್ನಡಕ ಹಾಕಿಕೊಂಡೇ ಆಡುತ್ತಾರೆ, ಮೂಗಿನ ಮೇಲೆ ಗುರುತೂ ಬಿದ್ದಿದೆ. ಒಮ್ಮೊಮ್ಮೆ ಇವನು ಕದ್ದು ಸೇವ್ ಮಾಡುತ್ತಾನೆ, ನಾನು ನೋಡಿದ್ದೇನೆ. ಆ ಕೋಟು ಕಂಡಾಗಲೆಲ್ಲ ಇವನ ಮುಖ ಹುಳ್ಳಗಾಗುತ್ತದೆ.

“ಕೊಡಿ ಈಚೆ, ಬಿಚ್ಚಿ ಸರಿ ಮಾಡ್ತೀನಿ.”

“ಮುಟ್ಟಿದ್ರೆ ನೋಡಿ,” ಎಂದು ಚಿಕ್ಕಮ್ಮ ಎಡತೋಳನ್ನು ಒಂದು ಮಡಿಕೆ ಮಡಚಿಕೊಂಡು ಅಂಗಡಿ ತೆರೆಯಲು ಹೋಗುತ್ತಾರೆ.